ಪದ್ದಕ್ಕನ ಜಾಗಟೆ

ಭಾನುವಾರ, ಸಂಜೆ ನಾಲ್ಕು ಗಂಟೆ. ಸ್ಥಳ: ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಹಳೆಯ ಗೋದಾಮು. ಹಾಜರಿದ್ದವರು: ಕರ್ಲಿಂಗ್ ತಂಡದ ಮೂವರು ಹೆಣ್ಣುಮಕ್ಕಳು, ಗಿರಣಿಯ ಕಾವಲುಗಾರ ಈರಣ್ಣ, ನಾನು. ಗೈರುಹಾಜರು: ತಂಡದ ನಾಯಕಿ ಪದ್ದಕ್ಕ. ಕಾರಣ: ತೀರಿಕೊಂಡಿದ್ದಾರೆ. ಇದಕ್ಕಿಂತ ಸಣ್ಣ ಕಾರಣಕ್ಕೆ ಅವರು ಅಭ್ಯಾಸ ತಪ್ಪಿಸಿದವರಲ್ಲ, ಬೇರೆಯವರನ್ನು ತಪ್ಪಿಸಲು ಬಿಟ್ಟವರೂ ಅಲ್ಲ.

ಆ ಗೋದಾಮು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಪದ್ದಕ್ಕನ ಧ್ವನಿ ಅಂಥದ್ದು. ಸಿರುಗುಪ್ಪದ ಒಂದು ಸರಕಾರಿ ಕಚೇರಿಯಲ್ಲಿ ಅವರು ಗುಮಾಸ್ತೆ. ಬಳ್ಳಾರಿಯಲ್ಲಿ ಕೋಟೆಯ ಕೆಳಗಿದ್ದ ಅಣ್ಣನ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು, ಕಿಟಕಿಯ ಹಿಂದೆ ಕುಳಿತು, ಪಹಣಿಗೆ ಬಂದವರ ಹೆಸರು ಕೂಗುತ್ತಿದ್ದರು. ದೇಶನೂರಿನ ರೈತನ ಹೆಸರು ಕೂಗಿದರೆ ಆತ ತನ್ನ ಗದ್ದೆಯಲ್ಲಿ ನಿಂತೇ ‘ಬಂದೆ’ ಅನ್ನಬಹುದು ಎಂದು ಕಚೇರಿಯ ಜವಾನ ಹೇಳುತ್ತಿದ್ದ. ಯಾರು ಏನೇ ದೂರಿದರೂ ಅವರ ಉತ್ತರ ಒಂದೇ: “ಬರದು ಕೊಡ್ರಿ.” ಬರೆದು ಕೊಟ್ಟವರು ಕಡಿಮೆ. ಕೊಟ್ಟವರ ಗತಿ ಏನಾಯಿತು ಎಂದು ನಾನು ವಿಚಾರಿಸಿಲ್ಲ.

ಕರ್ಲಿಂಗ್ ಎಂದರೆ ಏನು ಎಂದು ಓದುಗರು ಕೇಳಬಹುದು. ಇಡೀ ಬಳ್ಳಾರಿ ಕೇಳಿದೆ. ಚಳಿ ದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಒಬ್ಬರು ದುಂಡು ಕಲ್ಲು ಜಾರಿಸುತ್ತಾರೆ. ಇಬ್ಬರು ಅದರ ಮುಂದೆ ಓಡೋಡುತ್ತ ಪೊರಕೆಯಿಂದ ದಾರಿ ಗುಡಿಸುತ್ತಾರೆ. ದೂರದಲ್ಲಿ ಬರೆದ ವರ್ತುಲದ ನಡುವೆ ಕಲ್ಲು ನಿಲ್ಲಬೇಕು. ಆ ವರ್ತುಲಕ್ಕೆ ‘ಮನೆ’ ಎಂದು ಹೆಸರು. ಮನೆಯಲ್ಲಿ ನಿಂತು, ಯಾವಾಗ ಗುಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೂಗುವವಳು ನಾಯಕಿ. ಬಳ್ಳಾರಿಯಲ್ಲಿ ಮಂಜುಗಡ್ಡೆ ಸಿಗುವುದು ಗೋಲಾ ಗಾಡಿಯಲ್ಲಿ ಮತ್ತು ಮೀನಿನ ಪೆಟ್ಟಿಗೆಯಲ್ಲಿ. ಹಾಗಾಗಿ ನಮ್ಮದು ನೆಲದ ಮೇಲಿನ ಆಟ, ಕಲ್ಲಿನ ಕೆಳಗೆ ಬೇರಿಂಗ್ ಚಕ್ರ. ನೆಲದ ಆಟಕ್ಕೆ ಗುಡಿಸುವ ಅಗತ್ಯವಿಲ್ಲ ಎಂದು ತಿಳಿದವರು ಹೇಳಿದರು. ತಿಳಿದವರು ಅಕ್ಕಿ ಗಿರಣಿಯ ಗೋದಾಮು ನೋಡಿರಲಿಲ್ಲ. ಸಿರುಗುಪ್ಪದಲ್ಲಿ ತೌಡಿನ ಪುಡಿ, ಬಳ್ಳಾರಿಯಲ್ಲಿ ಅದಿರಿನ ಕೆಂಪು ಧೂಳು. ಗುಡಿಸದಿದ್ದರೆ ಕಲ್ಲು ಅರ್ಧ ದಾರಿಯಲ್ಲಿ ಧರಣಿ ಕೂಡುತ್ತಿತ್ತು.

ಕಲ್ಲುಗಳನ್ನು ಕಡಿದದ್ದು ಕುರುಗೋಡಿನ ಕಲ್ಲುಕುಟಿಗ. ಅವನ ಮನೆತನ ದೇವರನ್ನೇ ಕಡಿದದ್ದು, ಆಟದ ಸಾಮಾನಲ್ಲ. ಹಾಗಾಗಿ ದುಂಡುಕಲ್ಲಿಗೆ ತಾನಾಗಿಯೇ ಒಂದು ಕಳೆ ಬಂದಿತ್ತು. ಕಲ್ಲುಗಳು ಗೋದಾಮಿಗೆ ಬಂದ ಮರುದಿನ ನೋಡಿದರೆ ಈರಣ್ಣ ಎಲ್ಲ ಕಲ್ಲಿಗೂ ವಿಭೂತಿ ಹಚ್ಚಿ, ಒಂದೊಂದು ಕಣಗಿಲೆ ಹೂವು ಇಟ್ಟಿದ್ದ.

ಪದ್ದಕ್ಕನದು ನಾಮ ಮುದ್ರೆಯ ವೈಷ್ಣವ ಮನೆತನ. ಜಗಳ ಎದ್ದೀತೆಂದು ನಾನು ಕಾದೆ. ಅವರು ಸೆರಗಿನಿಂದ ವಿಭೂತಿ ಒರೆಸುತ್ತ ಅಂದದ್ದು ಇಷ್ಟೇ: “ಈರಣ್ಣಾ, ದೇವ್ರು ಮಾಡಿದ್ರ ಕಲ್ಲು ಕೂತು ಬಿಡ್ತದ. ನಮಗ ಓಡೋ ಕಲ್ಲು ಬೇಕಾಗ್ಯದ.”

ನಾನು ನಿವೃತ್ತ ಡ್ರಿಲ್ ಮಾಸ್ತರ. ತಂಡದ ತರಬೇತುದಾರ ಎಂದು ಕಾಗದದಲ್ಲಿ ನನ್ನ ಹೆಸರಿದೆ. ನನ್ನ ಕೆಲಸ ಗೋದಾಮಿನ ಬೀಗ ತೆಗೆಯುವುದು ಮತ್ತು ಹಾಕುವುದು. ಕಲ್ಲು ಎಸೆಯುವವಳು ಹುಲಿಗೆಮ್ಮ, ಶಾಲೆಯಲ್ಲಿ ನನ್ನ ಶಿಷ್ಯೆ, ಈಗ ಕುರುಗೋಡಿನಲ್ಲಿ ಆಕೆಯೇ ಡ್ರಿಲ್ ಟೀಚರ್. ಕೊನೆಯ ಕಲ್ಲು ಎಸೆಯುವ ಗೌರವ ನಾಯಕಿಯದಾದರೂ ಪದ್ದಕ್ಕ ಅದನ್ನು ಹುಲಿಗೆಮ್ಮನಿಗೆ ಬಿಟ್ಟಿದ್ದರು. “ನನ್ನ ಮೊಣಕಾಲು ಬಗ್ಗಂಗಿಲ್ಲ. ಬಾಯಿ ಬಗ್ಗತದ” ಅನ್ನುತ್ತಿದ್ದರು.

ಈ ಆಟದಲ್ಲಿ ಒಂದು ಸಭ್ಯ ಪದ್ಧತಿ ಇದೆ. ಇನ್ನು ಗೆಲ್ಲಲಾಗದು ಎಂದು ಗೊತ್ತಾದಾಗ, ಕಲ್ಲುಗಳು ಉಳಿದಿದ್ದರೂ ನಾಯಕಿ ಮುಂದೆ ಬಂದು ಎದುರಾಳಿಗೆ ಕೈ ಕೊಡುತ್ತಾಳೆ. ಆಟ ಅಲ್ಲಿಗೆ ಮುಗಿಯಿತು. ಅದರಲ್ಲಿ ಅವಮಾನವಿಲ್ಲ ಎಂದು ನಾನು ಶಿಸ್ತಾಗಿ ವಿವರಿಸಿದೆ.

“ಕೈ ಕೊಡ್ಲಿಕ್ಕೆ ನಮ್ಮ ಮನಿ ನೀರಿನ ಮೋಟ್ರು ಅದ, ಸಿರುಗುಪ್ಪದ ಬಸ್ಸು ಅದ” ಅಂದರು ಪದ್ದಕ್ಕ. “ನಾನ್ಯಾಕ ಕೊಡ್ಲಿ ಮಾಸ್ತರ್?”

ಹೀಗೆ ಸಭ್ಯತೆಯ ಪಾಠ ಮುಗಿಯಿತು.

ಕರ್ನಾಟಕ, ಆಂಧ್ರ ಗಡಿಯ ತಂಡಗಳ ಮೊದಲ ಪಂದ್ಯಾವಳಿಯ ಫೈನಲ್ ಬಳ್ಳಾರಿಯಲ್ಲಿ ಆಯಿತು. ಎದುರಿಗೆ ಆದೋನಿಯ ತಂಡ. ಕೊನೆಯ ಕಲ್ಲು ಉಳಿದಿತ್ತು. ಮನೆಯಲ್ಲಿ ನಮ್ಮ ಎರಡು ಕಲ್ಲು, ಅವೆರಡಕ್ಕಿಂತ ನಡುವಿಗೆ ಹತ್ತಿರ ಅವರದೊಂದು. ಹುಲಿಗೆಮ್ಮ ಮೆಲ್ಲಗೆ ಬಿಡಬೇಕು, ಉಳಿದ ಇಬ್ಬರು ಗುಡಿಸಿ ಗುಡಿಸಿ ಅದನ್ನು ಆದೋನಿಯ ಕಲ್ಲಿಗಿಂತ ನಡುವಿಗೆ ಹತ್ತಿರ ತರಬೇಕು. ಅಷ್ಟೇ ಕೆಲಸ. ಪದ್ದಕ್ಕ ಉತ್ಸಾಹ ತಡೆಯಲಾರದೆ, ಹುಲಿಗೆಮ್ಮ ಇನ್ನೂ ಕಲ್ಲು ಬಿಡುವ ಮೊದಲೇ, ಗುಡಿಸುವವರಿಗೆ ಎಚ್ಚರಿಕೆ ಕೊಟ್ಟರು: “ಹೊಡೀ! ಬಿಡಬ್ಯಾಡ, ಹೊಡೀ!”

ನಮ್ಮ ಕಡೆ ಕಸ ಗುಡಿಸುವುದಿಲ್ಲ, ಹೊಡೆಯುತ್ತೇವೆ. ಶತ್ರುವನ್ನೂ ಹೊಡೆಯುತ್ತೇವೆ. ಒಂದೇ ಪದ. ಕೈಯಲ್ಲಿ ಕಲ್ಲು ಹಿಡಿದವಳಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯಿತು. ಹುಲಿಗೆಮ್ಮ ತೋಳಿನ ಬಲವನ್ನೆಲ್ಲ ಹಾಕಿ ಬಿಟ್ಟಳು. ಕಲ್ಲು ಲಾರಿಯಂತೆ ಹೋಗಿ ಆದೋನಿಯ ಕಲ್ಲನ್ನು ನಮ್ಮವೇ ಕಲ್ಲುಗಳ ಮೇಲೆ ಕೆಡವಿತು. ನಮ್ಮ ಎರಡೂ ಕಲ್ಲು ಮನೆ ಬಿಟ್ಟು ಹೋದವು. ಎಸೆದದ್ದು ಗೋಡೆಗೆ ಬಡಿದು ಸುಣ್ಣ ಉದುರಿಸಿತು. ಆದೋನಿಯದು ಮಾತ್ರ ಮನೆಯ ಅಂಚಿನಲ್ಲಿ ಉಳಿಯಿತು, ಬಾಡಿಗೆದಾರನ ಹಾಗೆ.

“ಏನ್ ಮಾಡಿದಿ ಲೇ ಹುಲೀ!”

“ಹೊಡಿ ಅಂದ್ರಿ ಅಕ್ಕಾರ. ಹೊಡದೆ.”

“ಕಸ ಹೊಡಿ ಅಂದಿದ್ದೆ ನಾ!”

“ಕಸ ಅಂತ ಎಲ್ಲಿ ಅಂದ್ರಿ? ನನ್ನ ಕೈಯಾಗ ಇದ್ದದ್ದು ಕಲ್ಲು. ಕಸಬರಿಗಿ ಹಿಡಕೊಂಡಿದ್ರ ಕಸಾನ ಹೊಡೀತಿದ್ನಿ.”

ಸಿರುಗುಪ್ಪದಿಂದ ಬಂದಿದ್ದ ನಮ್ಮ ಹತ್ತು ಅಭಿಮಾನಿಗಳು ನಕ್ಕರು. ಆದೋನಿಯವರು ನಗಲಿಲ್ಲ, ಅವರು ಕಪ್ಪು ಎತ್ತಿಕೊಳ್ಳುವುದರಲ್ಲಿದ್ದರು.

ಮುಂದಿನ ಅಭ್ಯಾಸಕ್ಕೆ ಬಂದ ಕೂಡಲೇ ಪದ್ದಕ್ಕ ಆಜ್ಞೆ ಹೊರಡಿಸಿದರು. “ಇವತ್ತಿನಿಂದ ಹೊಡಿ ಅಂದ್ರ ಹೊಡಿಯೂದು. ಕಸಕ್ಕ ಊಡ್ಚು ಅನ್ನೂದು. ತೆಲುಗು ಎಲ್ಲಾರಿಗೂ ಬರ್ತದ, ಬರಂಗಿಲ್ಲ ಅಂತ ಯಾರೂ ನಾಟಕ ಮಾಡಬ್ಯಾಡ್ರಿ.” ಊಡ್ಚು ಎಂದರೆ ತೆಲುಗಿನಲ್ಲಿ ಗುಡಿಸು. ಅಂದಿನಿಂದ ಗೋದಾಮಿನಲ್ಲಿ “ಊಡ್ಚವೇ, ಊಡ್ಚವೇ!” ಎಂಬ ಘೋಷ ಮೊಳಗಿತು. ಗಿರಣಿಯ ಪಾರಿವಾಳಗಳು ಶಾಶ್ವತವಾಗಿ ಮನೆ ಬದಲಿಸಿದವು.

ಬಳ್ಳಾರಿಯ ನಮ್ಮ ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದರು. ಅವರು ಕಲ್ಲು ಮುಟ್ಟಿದ್ದನ್ನು ನಾನು ನೋಡಿಲ್ಲ, ಮೈಕು ಬಿಟ್ಟದ್ದನ್ನೂ ನೋಡಿಲ್ಲ. ಅವರ ಭಾಷಾಭಿಮಾನ ಕೆರಳಿತು. “ಕನ್ನಡದ ತಂಡ ತೆಲುಗಿನಾಗ ಕೂಗೂದು ಅಂದ್ರ ಏನ್ರೀ?”

“ಕನ್ನಡದಾಗ ಸೋಲಬೇಕೋ, ತೆಲುಗಿನಾಗ ಗೆಲ್ಲಬೇಕೋ? ಯಾವುದು ಅಂತ ಬರದು ಕೊಡ್ರಿ” ಅಂದರು ಪದ್ದಕ್ಕ.

ಕಾರ್ಯದರ್ಶಿ ಬರೆದು ಕೊಡಲಿಲ್ಲ. ಮುಂದಿನ ವರ್ಷ ಗೆದ್ದೆವು, ಅದರ ಮುಂದಿನ ವರ್ಷವೂ ಗೆದ್ದೆವು. ಆದೋನಿಯ ನಾಯಕಿ ಕೈ ಕುಲುಕುತ್ತ, “ಮಾ ಮಾಟತೋನೇ ಮಮ್ಮಲ್ನಿ ಊಡ್ಚೇಶಾರು ಗದಮ್ಮಾ” ಎಂದು ನಕ್ಕಳು. ನಮ್ಮ ಮಾತಿನಿಂದಲೇ ನಮ್ಮನ್ನು ಗುಡಿಸಿ ಹಾಕಿದಿರಲ್ಲ ಎಂದು. ಆ ಹೆಣ್ಣುಮಗಳಿಗೆ ಸೋಲುವುದೂ ಚೆನ್ನಾಗಿ ಬರುತ್ತಿತ್ತು.

ಬಳ್ಳಾರಿಯಲ್ಲಿ ಸನ್ಮಾನವೂ ಆಯಿತು. ಮುಖ್ಯ ಅತಿಥಿ ಕರ್ಲಿಂಗ್ ಎಂಬ ಪದವನ್ನು ತಮಗೆ ತಿಳಿದ ಅರ್ಥದಲ್ಲಿ ತೆಗೆದುಕೊಂಡು, ನಮ್ಮ ಹೆಣ್ಣುಮಕ್ಕಳು ಕೇಶಾಲಂಕಾರದಲ್ಲಿ ಗಡಿಯಾಚೆಗೂ ಹೆಸರು ಮಾಡಿದ್ದಾರೆ, ಬ್ಯೂಟಿ ಪಾರ್ಲರ್‌ಗೆ ಸಾಲ ಕೊಡಿಸುತ್ತೇನೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಪದ್ದಕ್ಕ.

ಮರುವರ್ಷ ಅವರ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಪೂರ್ತಿ ಹೋಯಿತು. ಕಚೇರಿಯವರು ಬಹಳ ದಯೆಯಿಂದ ಅವರನ್ನು ಕಿಟಕಿಯಿಂದ ಎಬ್ಬಿಸಿ ಒಳಕೋಣೆಯ ಕಡತಗಳ ನಡುವೆ ಕೂಡಿಸಿದರು. ಮನೆಯಲ್ಲಿ ಅತ್ತಿಗೆ ಬಹಳ ದಯೆಯಿಂದ ಒಂದೂ ಕೆಲಸ ಮುಟ್ಟಗೊಡಲಿಲ್ಲ. ಉಳಿದದ್ದು ತಂಡ ಒಂದೇ. ಅದೂ ಹೋದರೆ ಪದ್ದಕ್ಕನ ಪಾಲಿಗೆ ಇನ್ನು ಜಗಲಿ ಮತ್ತು ಕನಿಕರ. ಎರಡರ ಮೇಲೂ ಕೂರುವ ಹೆಂಗಸಲ್ಲ ಅವರು.

ಕಾರ್ಯದರ್ಶಿಗಳ ದಯೆಯೂ ಹಿಂದೆ ಬೀಳಲಿಲ್ಲ. ಸಭೆ ಕರೆದರು. “ಪದ್ಮಾವತಮ್ಮನವರ ಸೇವಾ ದೊಡ್ಡದು. ಆದ್ರ ದನಿ ಇಲ್ಲದ ನಾಯಕಿ ಅಂದ್ರ ಹಾರ್ನ್ ಇಲ್ಲದ ಲಾರಿ ಇದ್ದಂಗ. ಗೌರವ ಸಲಹೆಗಾರರಾಗಿ ಕುರ್ಚಿ ಮ್ಯಾಲ ಕುಂತಿರ್ಲಿ.”

ಪದ್ದಕ್ಕ ಎದ್ದು, ಚೀಲದಿಂದ ಅಣ್ಣನ ಪೂಜಾಕೋಣೆಯ ಕಂಚಿನ ಜಾಗಟೆ ತೆಗೆದು, ಎತ್ತಿ ಹಿಡಿದು ಕೋಲಿನಿಂದ ಒಂದೇ ಒಂದು ಬಾರಿಸಿದರು. ಕಾರ್ಯದರ್ಶಿ ಥಟ್ಟನೆ ಎದ್ದು ನಿಂತು ಕೈ ಮುಗಿದು ಕಣ್ಣು ಮುಚ್ಚಿದರು. ಅಭ್ಯಾಸಬಲ. ಮಂಗಳಾರತಿ ಬರಲಿಲ್ಲವೆಂದು ಕಣ್ಣು ತೆರೆದಾಗ ಸಭೆಯೆಲ್ಲ ನಗುತ್ತಿತ್ತು.

“ಇದಕ್ಕ ಅನುಮತಿ ಇಲ್ಲ” ಅಂದರು ಸಿಟ್ಟಿನಲ್ಲಿ.

ಪದ್ದಕ್ಕ ಗಾಳಿಯಲ್ಲಿ ಬೆರಳಾಡಿಸಿ ಬರೆಯುವಂತೆ ಮಾಡಿದರು. ಹುಲಿಗೆಮ್ಮ ಎದ್ದು ಅನುವಾದಿಸಿದಳು: “ಬರದು ಕೊಡ್ರಿ ಅಂತಾರ ಅಕ್ಕಾರ.”

ಗೋದಾಮಿನಲ್ಲಿ ಹೊಸ ಪಾಠ ಶುರುವಾಯಿತು. ನಿಯಮ ಸರಳ: ಜಾಗಟೆ ಬಾರಿಸುತ್ತಿರುವ ತನಕ ಊಡ್ಚುವುದು, ಅದು ನಿಂತರೆ ನಿಲ್ಲಿಸುವುದು. ಅಣ್ಣನವರು ಅಷ್ಟು ಕಾಲ ಸ್ಟೀಲ್ ತಟ್ಟೆ ಬಡಿದು ಮಂಗಳಾರತಿ ಮಾಡಿದರು. ದೇವರಿಂದ ಆಕ್ಷೇಪಣೆ ಬಂದ ವರದಿಯಿಲ್ಲ. ಆಕ್ಷೇಪಣೆ ಬಂದದ್ದು ಫೈನಲ್‌ನಲ್ಲಿ, ಆದೋನಿಯ ನಾಯಕಿಯಿಂದ. ಆಟ ಆಡಲು ಬಂದಿದ್ದೀರೋ, ಭಜನೆಗೋ ಎಂದು ಕೇಳಿದಳು. ನಿಯಮದ ಪುಸ್ತಕ ತಿರುವಿದರು. ಅದರಲ್ಲಿ ಜಾಗಟೆಯ ಸುದ್ದಿಯೇ ಇರಲಿಲ್ಲ. ಬರೆದವರಿಗೆ ಮಂಗಳಾರತಿ ತಿಳಿದಿರಲಿಲ್ಲ.

ಮತ್ತೆ ಕೊನೆಯ ಕಲ್ಲು. ಮತ್ತೆ ಮನೆಯೊಳಗೆ ಆದೋನಿಯ ಕಲ್ಲು, ನಡುವಿಗಿಂತ ಒಂದು ಗೇಣು ಆಚೆ. ಕಾರ್ಯದರ್ಶಿ ನನ್ನ ಪಕ್ಕದಲ್ಲೇ ನಿಂತು, ಸೋತರೆ ನಾಳೆ ಹೊಸ ನಾಯಕಿ ಎಂದು ಪಿಸುಗುಟ್ಟಿದರು. ಹುಲಿಗೆಮ್ಮ ಮೆಲ್ಲಗೆ ಬಿಟ್ಟಳು. ಜಾಗಟೆ ಮೊಳಗಿತು. ಇಬ್ಬರು ಹೆಣ್ಣುಮಕ್ಕಳು ಬಗ್ಗಿ ಓಡುತ್ತ ಕೆಂಪು ಧೂಳೆಬ್ಬಿಸಿದರು. ಕಲ್ಲು ಬಂತು, ಬಂತು, ಇನ್ನೂ ಮನೆಯ ಹೊಸ್ತಿಲಲ್ಲಿದೆ ಅನ್ನುವಾಗ ಪದ್ದಕ್ಕ ಅಂಗೈಯಿಂದ ಜಾಗಟೆಯನ್ನು ಅಮುಕಿ ಹಿಡಿದರು. ಬೇಗ ನಿಲ್ಲಿಸಿದರು ಅನ್ನಿಸಿತು ನನಗೆ. ಹೆಣ್ಣುಮಕ್ಕಳು ಪೊರಕೆ ಎತ್ತಿದರು. ಸಭಾಂಗಣದಲ್ಲಿ ಬೇರಿಂಗ್‌ನ ಸಣ್ಣ ಸದ್ದು ಮಾತ್ರ. ಕಲ್ಲು ತಾನೇ ನಾಲ್ಕು ಉರುಳು ಉರುಳಿ, ಮನೆಯ ಯಜಮಾನಿಯಂತೆ ನಟ್ಟನಡುವೆ ಕೂತಿತು.

ಪದ್ದಕ್ಕ ಸುಮ್ಮನಿದ್ದು ಗೆದ್ದ ಆಟ ಅದೊಂದೇ. ಪೇಪರಿನಲ್ಲಿ ಫೋಟೋ ಬಂತು. ನಡುವೆ ಕಾರ್ಯದರ್ಶಿ, ಅಂಚಿನಲ್ಲಿ ಪದ್ದಕ್ಕನ ಅರ್ಧ ಜಾಗಟೆ.

ಗಂಟು ಮತ್ತೆ ಬಂತು. ಈ ಸಲ ಗಂಟಲಿಗೆ ನಿಲ್ಲಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ನಾನು, ಹುಲಿಗೆಮ್ಮ ಹೋದೆವು. ಹುಲಿಗೆಮ್ಮ ಕೂತ ಕೂಡಲೇ ಶುರುಮಾಡಿದಳು. ಮುಂದಿನ ಪಂದ್ಯ, ಆದೋನಿಗೆ ಬಂದ ಹೊಸ ಹುಡುಗಿ, ಸವೆದ ಬೇರಿಂಗ್. ನಿಲ್ಲಿಸಿದರೆ ಅಳು ಬರುತ್ತದೆಂದು ಮಾತಾಡುತ್ತಲೇ ಇದ್ದಳು. ಪದ್ದಕ್ಕ ಎಲ್ಲ ಕೇಳಿದರು. ಆಮೇಲೆ ಹೊದಿಕೆಯಿಂದ ಬಲಗೈ ಹೊರತೆಗೆದು ಅವಳ ಕಡೆ ಚಾಚಿದರು.

ಹುಲಿಗೆಮ್ಮನಿಗೆ ಅರ್ಥವಾಯಿತು. ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಶಾಲೆಯಲ್ಲಿ ನಾನು ಕಲಿಸಿದ ವಿಶ್ರಾಮ್ ಭಂಗಿಯಲ್ಲಿ.

“ಇನ್ನಾ ಕಲ್ಲು ಅದಾವರಿ ಅಕ್ಕಾರ. ನಾ ಕೈ ಹಿಡ್ಯಾಂಗಿಲ್ಲ.”

ಪದ್ದಕ್ಕ ಕೈ ಹಿಂದೆಗೆಯಲಿಲ್ಲ. ಕಿಟಕಿಯ ಹಿಂದೆ ಕುಳಿತು ಊರನ್ನೇ ಕಾಯಿಸಿದ ಹೆಂಗಸಿಗೆ ಕಾಯುವುದೂ ಗೊತ್ತಿತ್ತು. ನರ್ಸು ಬಂದು ಹೋದಳು. ಪಕ್ಕದ ಹಾಸಿಗೆಯವರ ಊಟದ ಕ್ಯಾರಿಯರ್ ಬಂತು. ಕೈ ಹಾಗೇ ಇತ್ತು. ಕೊನೆಗೆ ಹುಲಿಗೆಮ್ಮ ಬೆನ್ನ ಹಿಂದಿನಿಂದ ಕೈ ಬಿಡಿಸಿ ಅದನ್ನು ಹಿಡಿದಳು. ಮೋಟಾರಿಗೂ ಬಸ್ಸಿಗೂ ಬಿಟ್ಟಿದ್ದ ಕೆಲಸವನ್ನು ಪದ್ದಕ್ಕ ತಾವೇ ಮಾಡಿ ಮುಗಿಸಿದರು. ಆಟದ ಪದ್ಧತಿ ಪ್ರಕಾರ, ಅವಮಾನವಿಲ್ಲದೆ.

ಪದ್ದಕ್ಕನ ವೈಕುಂಠ ಸಮಾರಾಧನೆ ಮುಗಿದ ಮೇಲಿನ ಮೊದಲ ಭಾನುವಾರ ಇದು. ಅಭ್ಯಾಸ ನಾಲ್ಕಕ್ಕೆ ಎಂದರೆ ನಾಲ್ಕಕ್ಕೆ. ಹುಲಿಗೆಮ್ಮ ಪೊರಕೆ ಹಿಡಿದು ಪದ್ದಕ್ಕನ ಜಾಗದಲ್ಲಿ, ಮನೆಯಲ್ಲಿ ನಿಂತಳು. ಬಾಯಿ ತೆರೆದಳು, ಯಾವ ಪದವೂ ಬರಲಿಲ್ಲ. ಉಳಿದಿಬ್ಬರಲ್ಲಿ ಒಬ್ಬಳು ಬಿಟ್ಟ ಕಲ್ಲು ಅರ್ಧ ದಾರಿಯಲ್ಲಿ ತೌಡಿಗೆ ಸಿಕ್ಕಿ ನಿಂತಿತು. ಐದಕ್ಕೆ ಬೀಗ ಹಾಕಿದೆ. ಉಳಿದ ಕೆಲಸ ಒಂದೇ: ಗೋದಾಮಿನಲ್ಲೇ ಉಳಿದಿದ್ದ ಜಾಗಟೆಯನ್ನು ಪದ್ದಕ್ಕನ ಅಣ್ಣನ ಮನೆಗೆ ಮುಟ್ಟಿಸುವುದು. ಹುಲಿಗೆಮ್ಮ ತಾನೂ ಬರುತ್ತೇನೆಂದು, ಕೈಯಲ್ಲಿದ್ದ ಆಟದ ಪೊರಕೆ ಸಮೇತ ಬಸ್ಸು ಹತ್ತಿದಳು.

ಬಳ್ಳಾರಿಯ ಮನೆಯಲ್ಲಿ ದೀಪ ಹಚ್ಚಿದ್ದರು. ಅಣ್ಣನವರು ಜಾಗಟೆ ಹೊರಳಿಸಿ ನೋಡಿದರು. ನಡುವೆ ತಗ್ಗು ಬಿದ್ದಿತ್ತು.

“ದೇವರಿಗೆ ಇನ್ನ ಇದು ಕೇಳಸ್ತದೇನ್ರೀ ಮಾಸ್ತರ್?”

“ಆದೋನಿಗೆ ಕೇಳಿಸೇತಿ” ಅಂದೆ.

ಅವರು ಒಳಗೆ ಹೋಗಿ ಮಂಗಳಾರತಿಗೆ ಬಾರಿಸತೊಡಗಿದರು. ಮನೆಯವರೆಲ್ಲ ಎದ್ದು ಕೈ ಮುಗಿದರು. ನಾನೂ ಮುಗಿದೆ. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಮಾತ್ರ ಒಂದು ಕಾಲು ಮುಂದಿಟ್ಟು, ಸೊಂಟ ಬಗ್ಗಿಸಿ, ಎರಡೂ ಕೈಯಿಂದ ಪೊರಕೆ ಹಿಡಿದು ನಡುಮನೆಯ ಕಡಪ ಕಲ್ಲಿನ ನೆಲವನ್ನು ಉಜ್ಜತೊಡಗಿದಳು. ಕಣ್ಣಿಂದ ನೀರು ಬೀಳುತ್ತಿತ್ತು, ಅದನ್ನೂ ಸೇರಿಸಿ.

ಅತ್ತಿಗೆ ಗಾಬರಿಯಾದರು. “ಅಯ್ಯ, ದೀಪ ಹಚ್ಚಿದ ಮ್ಯಾಲ ಕಸ ಹೊಡೀಬಾರದು ತಂಗೀ!”

“ಕಸ ಹೊಡ್ಯಾಕತ್ತಿಲ್ರೀ” ಅಂದಳು ಹುಲಿಗೆಮ್ಮ, ತಲೆ ಎತ್ತದೆ. “ಊಡ್ಚಾಕತ್ತೀನಿ.”

ಅಣ್ಣನವರು ಜಾಗಟೆ ನಿಲ್ಲಿಸಿದರು. ಹುಲಿಗೆಮ್ಮನೂ ಪೊರಕೆ ಎತ್ತಿದಳು. ಅವತ್ತಿನ ಅಭ್ಯಾಸ ಮುಗಿದದ್ದು ಸಂಜೆ ಏಳಕ್ಕೆ.