ಮುಖಕ್ಕೆ ಮೆತ್ತಿದ ಮೊಸರು

ಮೊನ್ನೆ ತಂಗಿಯ ಮಗಳು ಒಂದು ಕ್ರೀಮಿನ ಡಬ್ಬಿ ತಂದು ತೋರಿಸಿದಳು. ಮೊಸರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿದೆಯಂತೆ. ಆಂಟಿ ಆಕ್ಸಿಡೆಂಟ್ ಅಂತೆ. ಚರ್ಮ ಮುಪ್ಪಾಗುವುದಿಲ್ಲವಂತೆ, ಮೇಲಾಗಿ ಬೆಳ್ಳಗೂ ಆಗುತ್ತದಂತೆ. ನಾನು ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ಸು ಕೊಟ್ಟೆ. "ಯಾಕ್ ದೊಡ್ಡವ್ವ, ಮೊಕ ಅಂಗ್ ಮಾಡ್ಕಂಡೆ?" ಎಂದಳು. ಮಾಡಿಕೊಳ್ಳದೆ ಇನ್ನೇನು? ಆ ಬ್ಯಾಕ್ಟೀರಿಯಾವನ್ನು ಒಂದು ತಿಂಗಳು ಮುಖದ ಮೇಲೆ ಹೊತ್ತು ತಿರುಗಿದವಳು ನಾನು.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿ ಭೀಮನಬೀಡಿನ ನಮ್ಮ ಮನೆಗೆ ಬಂದು ಕೂತಿದ್ದೆ. ಹತ್ತೊಂಬತ್ತು ವರ್ಷ, ಕಪ್ಪು ಬಣ್ಣ. ಅದಾಗಲೇ ಇಬ್ಬರು ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, "ಆಮ್ಯಾಕೆ ಯೋಳಿ ಕಳಿಸ್ತೀವಿ" ಅಂತ ಹೋಗಿದ್ದರು. ಹೋದವರು ಹೋದರು. ಮೂರನೆಯದು ಗುಂಡ್ಲುಪೇಟೆಯ ಹುಡುಗ, ಸರ್ಕಾರಿ ಕೆಲಸ, ಒಂದು ತಿಂಗಳು ಬಿಟ್ಟು ನೋಡಲು ಬರುವವನಿದ್ದ. ಆಗ ನನ್ನ ಮುಖದ ಜವಾಬ್ದಾರಿಯನ್ನು ಅಪ್ಪನ ಅಕ್ಕ ವಹಿಸಿಕೊಂಡರು.

ಅತ್ತೆಯ ಔಷಧಿ ಹುಳಿ ಮೊಸರು. ಎರಡು ದಿನ ಮುಚ್ಚಿಟ್ಟು ಮೂಗು ಮುಚ್ಚಿಕೊಳ್ಳುವ ಹಾಗೆ ಹುಳಿಯಾದ ಮೊಸರಿಗೆ ಕಡಲೆಹಿಟ್ಟು ಕಲಸಿ ಬೆಳಿಗ್ಗೆ ಎದ್ದೊಡನೆ ಮೆತ್ತುವುದು. ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಮುಖಕ್ಕೆ ಹೋದ ಮೇಲೆ ನನ್ನ ತಟ್ಟೆಗೆ ಮೊಸರು ಉಳಿಯುತ್ತಿರಲಿಲ್ಲ. "ಒಂದ್ ತಿಂಗ್ಳು ಬಾಯಿ ಕಟ್ಟು ಕಣಮ್ಮಿ, ಜಲ್ಮೆಲ್ಲ ಉಣ್ಣೋದು ಇದ್ದೇ ಅದೆ," ಅನ್ನುತ್ತಿದ್ದರು ಅತ್ತೆ. ನಾನು ಬರೀ ಸಾರಿನಲ್ಲಿ ಮುದ್ದೆ ನುಂಗುತ್ತಿದ್ದೆ. ಅವ್ವ ನನ್ನ ತಟ್ಟೆಯನ್ನು ನೋಡಿ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ಗಂಡನ ಅಕ್ಕನಿಗೆ ಎದುರಾಡಿ ಗೊತ್ತಿದ್ದವಳಲ್ಲ.

ಆ ಮೊಸರಿನ ಹೆಪ್ಪು ಅವ್ವನದು. ಮದುವೆಯಾಗಿ ಬರುವಾಗ ಮದ್ದೂರಿನ ತವರಿನಿಂದ ಕುಡಿಕೆಯಲ್ಲಿ ತಂದದ್ದು. ಅಂದಿನಿಂದ ಒಂದು ದಿನವೂ ಕೆಡದ ಹಾಗೆ ದಿನಾ ಒಂದು ಚಮಚ ಎತ್ತಿಟ್ಟು ನಡೆಸಿಕೊಂಡು ಬಂದಿದ್ದಳು. ನಾನು ಹಾಸ್ಟೆಲಿನಿಂದ ಬಂದ ಮೇಲೆ ಹೆಪ್ಪು ಹಾಕುವ ಕೆಲಸ ನನ್ನದಾಗಿತ್ತು. ಕೇರಿಯಲ್ಲಿ ಯಾರು ಕೇಳಿದರೂ ಕೊಡುತ್ತಿದ್ದೆವು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಯಾರಿಗೂ ಇಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಹೊರಟು ಹೋಗುತ್ತಾಳೆ ಅನ್ನುವುದು ನಮ್ಮ ಕಡೆಯ ನಂಬಿಕೆ.

ಕಾಲೇಜಿನಲ್ಲಿ ಒಮ್ಮೆ ಮೇಡಂ ಒಂದು ಹನಿ ಮಜ್ಜಿಗೆಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದರು. ಸಣ್ಣ ಸಣ್ಣ ಕಡ್ಡಿಗಳು. ಹಾಲನ್ನು ಮೊಸರು ಮಾಡುವುದು, ಹೊಟ್ಟೆಯನ್ನು ತಣ್ಣಗಿಡುವುದು ಅವುಗಳ ಕೆಲಸ ಅಂದಿದ್ದರು. ಆ ಬಡಪಾಯಿ ಜೀವಗಳಿಗೆ ಹೆಣ್ಣಿನ ಬಣ್ಣ ಬದಲಾಯಿಸುವ ಕೆಲಸವನ್ನೂ ಹಚ್ಚಿದವರು ಯಾರು? ಅತ್ತೆಗೆ ಇದನ್ನು ಹೇಳಿದ್ದಕ್ಕೆ, "ಓದಿ ಓದಿ ಬಾಯಿ ಒಂದೇ ಬೆಳ್ಗಾಗಿರೋದು," ಎಂದರು.

ಮೂರು ವಾರ ಕಳೆದರೂ ನಾನು ನಾನೇ. ಅತ್ತೆಗೆ ಗಾಬರಿಯಾಯಿತು. ಮೊಸರಿಗೆ ನಿಂಬೆಹಣ್ಣು ಹಿಂಡಿದರು. "ಉರೀಲಿ ಬುಡು, ಕಪ್ಪು ಬುಡ್ಬೇಕು ಅಂದ್ರೆ ವಸಿ ಉರೀಬೇಕು." ಅದನ್ನು ಮೆತ್ತಿಕೊಂಡೇ ಬಿಸಿಲಿನಲ್ಲಿ ಈರುಳ್ಳಿ ಹೊಲಕ್ಕೆ ಕಳೆ ತೆಗೆಯಲು ಹೋದೆ. ಎರಡೇ ದಿನಕ್ಕೆ ಎರಡೂ ಕೆನ್ನೆ ಬೆಂದು, ಇದ್ದ ಕಪ್ಪಿನ ಮೇಲೆ ಇನ್ನೂ ಕಪ್ಪು ಪಟ್ಟೆ ಎದ್ದಿತು. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು. ಹುಡುಗನ ಕಡೆಯವರು ಬರುವ ದಿನ ಆ ಪಟ್ಟೆಯ ಮೇಲೆ ಅರ್ಧ ಡಬ್ಬಿ ಪೌಡರು ಬಳಿದರು.

ಹುಡುಗ ಬಂದ. ಶಿವನೇ, ನನಗಿಂತ ಒಂದು ಕೈ ಮೇಲೆ ಕಪ್ಪು! ಅವನ ಮುಖಕ್ಕೆ ಯಾರು ಮೊಸರು ಮೆತ್ತಿದ್ದರು? ಆದರೂ ಸುಳ್ಳು ಯಾಕೆ ಹೇಳಲಿ, ಒಪ್ಪಲಿ ಅಂತ ನನಗೂ ಇತ್ತು. ಮೂರನೇ ಸಲವೂ ಬೇಡ ಅನ್ನಿಸಿಕೊಳ್ಳುವುದು ಯಾವ ಹೆಣ್ಣಿಗೆ ಬೇಕು? ಮಧ್ಯಾಹ್ನದ ಊಟಕ್ಕೆ ಕೂರಿಸಿದೆವು. ಹುಡುಗನ ತಾಯಿ ಮೊಸರನ್ನು ಮೂರು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದು ಜಗಲಿಗೆ ಹೋಗಿ ಅಪ್ಪನಿಗೆ, ಒಳಗಿದ್ದ ನನಗೂ ಕೇಳಲಿ ಅನ್ನುವ ಹಾಗೆ, "ಎಣ್ಣು ಓದವಳೆ, ಸರಿ. ಬಣ್ಣ ಬಾಳ ಕಮ್ಮಿ ಕಣಪ್ಪ. ನಾಳೆ ಉಟ್ಟೋ ಮಕ್ಳ ಗತಿ ಏನು? ಬ್ಯಾಡ ಬುಡಿ," ಎಂದರು. ಮೈಯೆಲ್ಲ ಉರಿದುಹೋಯಿತು.

ಅಷ್ಟು ಹೇಳಿ ಹೋಗಬಹುದಿತ್ತು. ಹೋಗಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು ಅವ್ವನಿಗೆ, "ಮೊಸ್ರು ಬಾಳ ಸಂದಾಗದೆ ಕಣಮ್ಮ. ಯಾರು ಎಪ್ಪಾಕಿದ್ದು?" ಎಂದು ಕೇಳಿದರು.

"ನನ್ ಮಗ್ಳು," ಎಂದಳು ಅವ್ವ.

"ವಸಿ ಎಪ್ಪು ಕೊಡಿ, ತಕ್ಕೋಗ್ತೀನಿ."

ನಾಚಿಕೆ ಬೇಡವೇ ಜನಕ್ಕೆ? ಕೈಯಲ್ಲಿದ್ದ ಸೌಟನ್ನು ಎಸೆಯಬೇಕು ಅನ್ನಿಸಿತು. ಅವ್ವ ಎದ್ದಳು. ಕೊಡುವುದಕ್ಕೇ ಎದ್ದಳು ಅಂದುಕೊಂಡೆ. ಅವಳು ದೇವರ ಗೂಡಿಗೆ ಹೋಗಿ ಕಡ್ಡಿ ಗೀರಿ ದೀಪ ಹಚ್ಚಿದಳು. ಆಚೆ ಅಂಗಳದಲ್ಲಿ ಮೂರು ಗಂಟೆಯ ಬಿಸಿಲು ಕಾಯುತ್ತಿತ್ತು.

"ದೀಪ ಅಚ್ಚಾಯ್ತು ಕಣಕ್ಕ," ಎಂದಳು ಅವ್ವ. "ದೀಪ ಅಚ್ಚಿದ್ ಮ್ಯಾಕೆ ನಮ್ಮನೇಲಿ ಎಪ್ಪು ಕೊಡಕಿಲ್ಲ."

ಆಕೆ ದೀಪವನ್ನು ನೋಡಿದರು, ಬಿಸಿಲನ್ನು ನೋಡಿದರು. ಅತ್ತೆ ಹೊಸ್ತಿಲು ದಾಟಿ ಹೋಗಿ, ಬಂದವರ ಚಪ್ಪಲಿಗಳನ್ನು ಬೀದಿ ಕಡೆಗೆ ತಿರುಗಿಸಿ ಇಟ್ಟರು.

ಅವರು ಹೋದ ಮೇಲೆ ಅವ್ವ ನನ್ನನ್ನು ಕೂರಿಸಿ, ತನ್ನ ಸೆರಗಿನಿಂದಲೇ ಪೌಡರು ಒರೆಸಿದಳು. ತಟ್ಟೆಗೆ ಮುದ್ದೆ ಇಟ್ಟು, ಹೆಪ್ಪಿಗೆ ಒಂದು ಚಮಚ ಎತ್ತಿಟ್ಟು, ಕುಡಿಕೆಯಲ್ಲಿ ಉಳಿದಿದ್ದ ಮೊಸರನ್ನೆಲ್ಲ ಅದರ ಮೇಲೆ ಸುರಿದಳು.

"ಉಣ್ಣು ಕಣಮ್ಮಿ," ಎಂದಳು. "ತಿಂಗ್ಳಾಯ್ತು ನೀನು ಮೊಸ್ರು ತಿಂದು."