ಡ್ರೆಸ್ಡೆನ್‌ನಲ್ಲಿ ನಾನು ಹೇಳಿದ ಸಾಕ್ಷಿ

ನನ್ನ ಗಂಡನಿಗೆ ಜರ್ಮನಿಯ ಗ್ರೀನ್ ಕಾರ್ಡ್ ವೀಸಾ ಸಿಕ್ಕಿ ನಾವು ಡ್ರೆಸ್ಡೆನ್‌ಗೆ ಬಂದ ಹೊಸತು. ಜರ್ಮನಿ ಕರೆದದ್ದು ಕಂಪ್ಯೂಟರ್ ಬಲ್ಲ ಅವರನ್ನು. ಜೊತೆಗೆ ಬಂದ ನನಗೆ ಕೆಲಸ ಮಾಡಲು ಇನ್ನೂ ಪರವಾನಗಿ ಇರಲಿಲ್ಲ. ಧಾರವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು ಇಲ್ಲಿ ಬೆಳಗಿನ ಜರ್ಮನ್ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿಯಾದೆ.

ಒಂದು ದಿನ ತರಗತಿ ಮುಗಿದ ಮೇಲೆ ನಮ್ಮ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. ಅವರ ಗಂಡ ರಸಾಯನ ವಿಜ್ಞಾನಿ. ಯುದ್ಧದಲ್ಲಿ ವಿಷಾನಿಲ ಬಳಸಿದ್ದಾರೆಂಬ ಅನುಮಾನ ಬಂದ ಕಡೆ ಹೋಗಿ ತನಿಖೆ ಮಾಡುವ ಅಂತರರಾಷ್ಟ್ರೀಯ ಅಧಿಕಾರಿಗಳಿಗೆ ಆತ ತರಬೇತಿ ಕೊಡುತ್ತಿದ್ದರು. ಅಭ್ಯಾಸಕ್ಕಾಗಿ ಒಂದು ನಕಲಿ ಹಳ್ಳಿ ಕಟ್ಟುತ್ತಾರಂತೆ. ಆ ಹಳ್ಳಿಯವರಾಗಿ ಮಾತಾಡಲು, ತರಬೇತಿಗೆ ಬಂದ ಯಾರಿಗೂ ಗೊತ್ತಿಲ್ಲದ ಭಾಷೆಯವರು ಬೇಕಿತ್ತು. ಸಂಬಳವಿಲ್ಲದ ಕೆಲಸ, ಆದ್ದರಿಂದ ಪರವಾನಗಿಯ ತಕರಾರೂ ಇರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಹೋಗಿ ಬಾ. ಹಗಲೆಲ್ಲಾ ಮನ್ಯಾಗ ಒಬ್ಬಾಕೀನ ಕೂತು ಬ್ಯಾಸರಾಗೇತಿ ಅಂತಿದ್ದಿ. ಅಲ್ಲಿ ಬಾಯ್ತುಂಬ ಕನ್ನಡಾನರ ಮಾತಾಡ್ತಿ," ಎಂದರು.

ಊರಾಚೆ ಕಾಡಿನ ಅಂಚಿನಲ್ಲಿ, ಸೈನಿಕರು ಬಿಟ್ಟುಹೋದ ಹಳೆಯ ಕಟ್ಟಡಗಳ ನಡುವೆ ನಮ್ಮ ಹಳ್ಳಿ ಇತ್ತು. ನಾನು ಅಲ್ಲಿ ಆಡು ಸಾಕುವ ಹೆಂಗಸು. ಟೀಚರ್ ಗಂಡ ನನ್ನನ್ನು ಕೂರಿಸಿಕೊಂಡು ಏನಾಗಿದೆ ಎಂದು ವಿವರಿಸಿದರು. ಹೊಲದ ಬದಿ ಒಂದು ಫಿರಂಗಿ ಶೆಲ್ ಬಿದ್ದಿದೆ. ನೆಲದ ಮೇಲೆ ಎಣ್ಣೆಯಂಥ ಕಲೆ, ಕೊಳೆತ ಈರುಳ್ಳಿಯಂಥ ವಾಸನೆ. ಯಾವ ವಿಷ ಎಂಬುದನ್ನು ಮಾತ್ರ ಹೇಳಲಿಲ್ಲ. "ನೀವು ಹೆದರಿದ್ದೀರಿ. ಬೇಗ ಮುಗಿದರೆ ಸಾಕು ಎಂದು, ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತೀರಿ," ಎಂದರು. ಒಬ್ಬ ಹುಡುಗಿ ನನ್ನ ಮುಂಗೈ ಮೇಲೆ ಬಣ್ಣದಲ್ಲಿ ಬೊಕ್ಕೆಗಳನ್ನು ಬರೆದಳು. ನೋಡಿದರೆ ನನಗೇ ಉರಿದಂತಾಗುತ್ತಿತ್ತು.

ದುಭಾಷಿಯಾಗಿ ಬಂದವರು ಮಂಗಳೂರಿನ ಕಡೆಯ ಒಬ್ಬ ಕ್ರೈಸ್ತರು, ಇಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಡ್ರೆಸ್ಡೆನ್‌ನಲ್ಲಿ ನಮ್ಮ ಮನೆ ಬಿಟ್ಟು ಬೇರೆ ಕನ್ನಡದ ದನಿ ಕೇಳಿದ್ದು ಅದೇ ಮೊದಲು.

ಮೊದಲು ನನ್ನ ಮುಂದೆ ಕೂತವನು ಸೈನ್ಯದಿಂದ ಬಂದ ಅಧಿಕಾರಿ. ಬಂದವನೇ, "ಬೆಳ್ಳುಳ್ಳಿ ವಾಸನೆ ಬಂತೇ?" ಎಂದು ಕೇಳಿದ.

"ಹೂಂ, ಬಂತ್ರೀ," ಎಂದೆ.

"ಕಣ್ಣು ಆಗಲೇ ಉರಿಯಿತೇ?"

"ಹೂಂ, ಉರೀತು."

ಹಿಂದೆ ನಿಂತಿದ್ದ ಟೀಚರ್ ಗಂಡ ಮುಂದೆ ಬಂದು, "ಸೇಬಿನ ವಾಸನೆಯೂ ಬಂತೇ, ಕೇಳಿ ನೋಡು," ಎಂದರು. ಅವನು ಕೇಳಿದ.

"ಹೂಂ, ಅದೂ ಬಂತ್ರೀ," ಎಂದೆ.

ಅಧಿಕಾರಿ ತಾನೇ ನಕ್ಕುಬಿಟ್ಟ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟರೆ ಸಾಕ್ಷಿ ಅದನ್ನೇ ಹಿಂದಿರುಗಿಸುತ್ತಾಳೆ ಎಂಬುದು ಅವನಿಗೆ ಅರ್ಥವಾಗಿತ್ತು.

ಅವನ ನಂತರ ಬಂದವಳು ದಕ್ಷಿಣ ಅಮೆರಿಕದ ಒಬ್ಬ ಡಾಕ್ಟರ್, ಸುಮಾರು ನನ್ನ ಅಕ್ಕನ ವಯಸ್ಸು. ಕುರ್ಚಿಯನ್ನು ನನ್ನ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡಳು. ತಾನು ಯಾರು, ಯಾಕೆ ಬಂದದ್ದು ಎಂದು ಹೇಳಿ, ಮಾತಾಡಲು ಒಪ್ಪಿಗೆಯೇ ಎಂದು ಕೇಳಿ, ಬೇಡವೆಂದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದಳು. ನಾನು ಒಪ್ಪಿದೆ. "ಆ ದಿನ ಬೆಳಿಗ್ಗೆ ಎದ್ದಲ್ಲಿಂದ ಹೇಳಿ," ಎಂದು ಪೆನ್ನು ಕೈಗೆತ್ತಿಕೊಂಡಳು.

ಹೌದು ಎನ್ನಲು ಅಲ್ಲಿ ಪ್ರಶ್ನೆಯೇ ಇರಲಿಲ್ಲ. ನಾನು ಹೇಳತೊಡಗಿದೆ.

"ಮುಂಜಾನಿ ಆಡು ಬಿಡಾಕ ಹೋಗಿದ್ದೆ. ಹೊಲದ ಕಡೆ ಏನೋ ಬಿದ್ದ ಸಪ್ಪಳ ಆತು. ಹೋಗಿ ನೋಡಿದ್ರ ಮಣ್ಣಿನ ಮ್ಯಾಲೆ ಎಣ್ಣಿ ಚೆಲ್ಲಿದಂಗ ಇತ್ತು, ಮುಟ್ಟಿ ನೋಡಿದೆ. ಕೊಳತ ಉಳ್ಳಾಗಡ್ಡಿ ನಾತ ಹೊಡೀತಿತ್ತು. ನನಗ ಆಗ ಏನೂ ಆಗ್ಲಿಲ್ಲ. ಮನೀಗೆ ಬಂದೆ, ರೊಟ್ಟಿ ಬಡದೆ, ಉಂಡೆ. ಹೊತ್ತು ಇಳಿಯೂ ಮುಂದ ಕಣ್ಣು ಉರಿಯಾಕ ಹತ್ತಿದ್ವು. ಮರುದಿನ ಕೈಮ್ಯಾಲೆ ಬೊಕ್ಕಿ ಎದ್ದುವು."

ದುಭಾಷಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ವಾಸನೆಯ ಹತ್ತಿರ ಬಂದಾಗ, ಕೊಳೆತ ಯಾವುದೋ ಗೆಡ್ಡೆ, ಆಲೂಗಡ್ಡೆ ಜಾತಿಯದು ಎಂದರು. ನನಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಆಡು ಕಾಯುವವಳಿಗೆ ಬರುವಂತಿರಲಿಲ್ಲ. ಬಾಯಿ ಬಿಗಿಹಿಡಿದು ಕೂತೆ.

ಡಾಕ್ಟರ್ ಬರೆದುಕೊಂಡಳು. ಪೆನ್ನು ಕೆಳಗಿಡದೆ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಒಂದು ಹಾಳೆ ನನ್ನ ಕಡೆ ಸರಿಸಿ, "ಆ ಗೆಡ್ಡೆಯ ಚಿತ್ರ ಬರೆದು ತೋರಿಸುತ್ತೀರಾ?" ಎಂದಳು. ನಾನು ಒಂದು ಈರುಳ್ಳಿ ಬರೆದೆ. ಅಡ್ಡ ಕೊಯ್ದರೆ ಕಾಣುವ ಸುತ್ತುಗಳನ್ನೂ ಪಕ್ಕದಲ್ಲಿ ಬರೆದೆ.

ದುಭಾಷಿ ಬಗ್ಗಿ ನೋಡಿದರು. "ಅಯ್ಯೋ ಮಾರಾಯ್ರೆ, ಉಳ್ಳಾಗಡ್ಡಿ ಅಂದ್ರೆ ನೀರುಳ್ಳಿಯಾ? ನಾನು ಬಟಾಟೆ ಅಂತ ಎಣಿಸಿದ್ದಲ್ವಾ," ಎಂದರು.

"ಅಲ್ರೀ, ಉಳ್ಳಾಗಡ್ಡಿ ಗೊತ್ತಿಲ್ಲ ಅಂದ್ರ ಹೆಂಗ್ರೀ?"

"ಗಡ್ಡೆ ಅಂತ ನೀವೇ ಹೇಳ್ತೀರಲ್ಲ ಮತ್ತೆ."

ತರಬೇತಿ ಕೊಡುವವರಿಗೆ ಏನಾಯಿತೆಂದು ತಿಳಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಇಂಥ ಎಡವಟ್ಟನ್ನು ತಾವು ಕೂತು ಹೆಣೆದರೂ ಆಗುತ್ತಿರಲಿಲ್ಲ ಎಂದರು. ಡಾಕ್ಟರ್ ಮಾತ್ರ ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದಳು. ಕಲೆ ಮುಟ್ಟಿದ್ದು ಬೆಳಿಗ್ಗೆ, ಉರಿ ಬಂದದ್ದು ಸಂಜೆ. ಯಾವ ವಿಷವೆಂದು ತಿಳಿಯಲು ಆ ಅಂತರವೇ ಸುಳಿವು ಎಂಬಂತೆ, ಅದನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ, "ಕೈ ನೋಡಲೇ?" ಎಂದು ಕೇಳಿ, ನಾನು ತಲೆಯಾಡಿಸಿದ ಮೇಲೆಯೇ ಮುಟ್ಟಿದಳು. ಬಣ್ಣ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆಕೆಯ ಬೆರಳುಗಳು ಬೊಕ್ಕೆಯ ಅಂಚನ್ನು ಬಳಸಿ ಮೆಲ್ಲಗೆ ಸರಿದವು. ಈ ದೇಶಕ್ಕೆ ಬಂದ ಮೇಲೆ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಸುಳ್ಳು ಕಥೆ ಹೇಳುತ್ತಲೇ ನನ್ನ ಮನಸ್ಸು ಹಗುರಾಯಿತು.

ಮಧ್ಯಾಹ್ನ ಅಧಿಕಾರಿಗಳು ದಪ್ಪ ರಬ್ಬರ್ ಉಡುಪು, ಮುಖವಾಡ ತೊಟ್ಟು ಹೊಲಕ್ಕಿಳಿದರು. ಕಲೆ ಇದ್ದಲ್ಲಿಂದ ಮಣ್ಣು ತೆಗೆದರು. ಏನೂ ಬೀಳದ, ಗಾಳಿ ಬರುವ ದಿಕ್ಕಿನ ದೂರದ ಜಾಗದಿಂದಲೂ ತೆಗೆದರು. ಯಾಕೆ ಎಂದು ನನ್ನ ಮುರುಕು ಜರ್ಮನ್‌ನಲ್ಲಿ ಕೇಳಿದೆ. ಶುದ್ಧ ಮಣ್ಣು ಹೇಗಿದೆ ಎಂದು ಗೊತ್ತಿಲ್ಲದಿದ್ದರೆ ಕೆಟ್ಟ ಮಣ್ಣನ್ನು ಯಾವುದಕ್ಕೆ ಹೋಲಿಸುವುದು ಎಂದರು ಟೀಚರ್ ಗಂಡ. ಡಬ್ಬಿಗಳಿಗೆ ಮುದ್ರೆ ಹಾಕಿದರು. ಕೈ ಬದಲಾದಾಗಲೆಲ್ಲ ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿದರು. ನಿಜವಾದ ತನಿಖೆಯಲ್ಲಾದರೆ ಅದೇ ಮಣ್ಣನ್ನು ಹಂಚಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಕಳಿಸುತ್ತಾರಂತೆ. ಯಾವುದು ಎಲ್ಲಿಯ ಮಣ್ಣು ಎಂದು ಅಲ್ಲಿಯವರಿಗೆ ಹೇಳುವುದಿಲ್ಲ. ನನ್ನ ಮಾತು, ಗಾಯ, ರಕ್ತಪರೀಕ್ಷೆ, ಮಣ್ಣು ಎಲ್ಲವೂ ಒಂದಕ್ಕೊಂದು ಹೊಂದಬೇಕು. ವಾಸನೆಯೊಂದನ್ನೇ ನಂಬಿ ಯಾರೂ ತೀರ್ಮಾನ ಬರೆಯುವುದಿಲ್ಲ.

"ಹಾಗಾದರೆ ಹಾಕಿದವರು ಯಾರು?" ಎಂದೆ.

"ವಿಷ ಬಿತ್ತೇ, ಯಾವ ವಿಷ, ಅಷ್ಟೇ ಇವರು ಹೇಳುವುದು. ಹಾಕಿದವರನ್ನು ಹುಡುಕುವುದು ಬೇರೆಯವರ ಕೆಲಸ."

ಆ ಉತ್ತರ ನನಗೆ ಹಿಡಿಸಲಿಲ್ಲ. ಟ್ರಾಮಿನಲ್ಲಿ ಹಿಂದಿರುಗುವಾಗ ದುಭಾಷಿಗೆ ಅದನ್ನೇ ಹೇಳಿದೆ. ಅವರು, "ಮೊದಲು ಆದದ್ದು ಹೌದು ಅಂತ ಗಟ್ಟಿ ಮಾಡ್ಬೇಕಲ್ಲ ಅಕ್ಕ. ಇಲ್ಲದಿದ್ರೆ ಆಗ್ಲೇ ಇಲ್ಲ ಅಂತ ಹೇಳಿಬಿಡ್ತಾರೆ," ಎಂದರು. ಬೆಳಿಗ್ಗೆ ಮೇಡಂ ಎನ್ನುತ್ತಿದ್ದವರು ಅಷ್ಟರಲ್ಲಿ ಅಕ್ಕ ಎನ್ನಲು ಶುರುಮಾಡಿದ್ದರು. ಮುಂದಿನ ಭಾನುವಾರ ಅವರ ಮನೆಗೆ ಊಟಕ್ಕೆ ಹೋದೆವು. ಅವರ ಹೆಂಡತಿ ನಮಗಾಗಿ ಮೀನು ಬಿಟ್ಟು ಬಸಳೆ ಸಾರು ಮಾಡಿದ್ದರು.

ನಕಲಿ ಹಳ್ಳಿಗೆ ನನ್ನನ್ನು ಮತ್ತೆ ಕರೆದರು. ಈ ಸಲ ನಾನು ಸುಳ್ಳು ಹೇಳುವ ಸಾಕ್ಷಿ. ಊರ ಹಿರಿಯನೊಬ್ಬ ಕಲಿಸಿಕೊಟ್ಟದ್ದನ್ನು ಒಪ್ಪಿಸಬೇಕು, ವಿಷದ ಹೊಗೆ ಹಳ್ಳದ ಕಡೆಯಿಂದ ಬಂತು ಎಂದು. ಮನೆಯಲ್ಲಿ ಗಂಡನ ಮುಂದೆ ಹೇಳಿ ಹೇಳಿ ತಯಾರಾಗಿ ಹೋದೆ. ಎದುರು ಕೂತವರು ನರೆತ ಗಡ್ಡದ, ಮಾತು ಕಡಿಮೆ ಇದ್ದ ಅಧಿಕಾರಿ. ಎಲ್ಲ ಕೇಳಿದ ಮೇಲೆ, "ಆಗ ನೀವು ಏನು ಮಾಡುತ್ತಿದ್ದಿರಿ?" ಎಂದರು. ಬಟ್ಟೆ ಒಣಹಾಕುತ್ತಿದ್ದೆ ಎಂದೆ. "ಗಾಳಿಗೆ ಬಟ್ಟೆ ಯಾವ ಕಡೆ ಹಾರುತ್ತಿತ್ತು?"

"ಹಳ್ಳದ ಕಡೆ," ಎಂದುಬಿಟ್ಟೆ.

ಅವರು ಬರೆದುಕೊಂಡರು. ಹೊಗೆ ಹಳ್ಳದಿಂದ ಬಂದಿದ್ದರೆ ಬಟ್ಟೆ ಹಳ್ಳದತ್ತ ಹಾರುವುದು ಹೇಗೆ? ದುಭಾಷಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಸಂಜೆ ಗಂಡ ಬಾಗಿಲು ತೆಗೆದು, "ಏನಾತು?" ಎಂದು ಕೇಳಿದಾಗ, "ಸಿಕ್ಕಬಿದ್ದೆ," ಎಂದೆ. ನನ್ನ ಮುಖದಲ್ಲಿದ್ದ ಖುಷಿ ನೋಡಿ ಅವರಿಗೆ ಏನೂ ಅರ್ಥವಾಗಲಿಲ್ಲ.