ತಪ್ಪಿಹೋದ ಒಂದು ಪೆಟ್ಟು

ಡ್ರಮ್ಸ್ ಬಾರಿಸುವವನ ಮುಖ ಯಾರಿಗೂ ನೆನಪಿರುವುದಿಲ್ಲ, ಇದು ನಿಮಗೂ ಗೊತ್ತು. ಫಿನ್‌ಲ್ಯಾಂಡಿನ ಕಾಯಾನಿ ಊರಿನ ಪೆಟ್ರೋಲ್ ಬಂಕಿನ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಏಳಕ್ಕೆ ಬಂದು, ಯಾರೂ ಕೂರದ ಮೇಜು ಹುಡುಕಿ, ಹಾಲಿಲ್ಲದ ಕಾಫಿ ಕುಡಿಯುವ ಕಲೆರ್ವೊ ಅಂಥವನು. ನಾಲ್ಕು ಮಾತಾಡಿದರೆ ಸುಧಾರಿಸಿಕೊಳ್ಳಲು ವಾರ ಬೇಕು. ಅವನಿದ್ದ ನಾಲ್ವರ ರಾಕ್ ತಂಡವನ್ನು ಇಡೀ ಫಿನ್‌ಲ್ಯಾಂಡೇ ತಿರುಗಿ ನೋಡುವಂತೆ ಮಾಡಿದ ಆಲ್ಬಮ್ಮಿನ ಮುಖಪುಟದಲ್ಲಿ ಮೂವರೇ ಇದ್ದಾರೆ. "ನೀನೆಲ್ಲಿ ಹಾಳಾಗ್ ಹೋಗಿದ್ಯೋ ಮಾರಾಯ?" ಎಂದು ಕ್ಯಾಂಟೀನಿನ ಐಲಿ ಮೂವತ್ತು ವರ್ಷದಿಂದ ಛೇಡಿಸುತ್ತಾಳೆ. "ವ್ಯಾನು ಹಿಮದಲ್ಲಿ ಹೂತಿತ್ತು. ಯಾರಾದ್ರೂ ಅಗೀಬೇಕಿತ್ತಲ್ಲ," ಎನ್ನುತ್ತಾನೆ. ಫೋಟೋಗೆ ತನ್ನನ್ನು ಒಬ್ಬರೂ ಕರೆಯಲಿಲ್ಲ ಎಂದು ಮಾತ್ರ ಹೇಳುವುದಿಲ್ಲ. ಆ ಚಳಿಗಾಲ ಕಳೆದು ವಸಂತದಲ್ಲಿ ಅವನ ಜಾಗಕ್ಕೆ ಚೆಂದದ ಮುಖದವನೊಬ್ಬ ಬಂದ; ಆಲ್ಬಮ್ಮಿನ ಮೇಲೆ ಡ್ರಮ್ಸ್ ಬಾರಿಸಿದವನೆಂದು ಹೆಸರೂ ಅವನದೇ ಬಿತ್ತು. ಅದರ ಮೂರನೆಯ ಹಾಡಿನ ನಡುವೆ ಒಂದು ಪೆಟ್ಟಿನಷ್ಟು ಮೌನವಿದೆ, ಸಾವಿರಾರು ಜನ ಉಸಿರು ಬಿಗಿಹಿಡಿಯುವ ಮೌನ. ಅದು, ಹಿಮ ಅಗೆದು ಬಂದು ರೆಕಾರ್ಡಿಂಗಿಗೆ ಬಾರಿಸಲು ಕೂತ ಕಲೆರ್ವೊನ ಮರಗಟ್ಟಿದ ಬೆರಳಿನಿಂದ ಕೋಲು ಜಾರಿದ್ದು. ಇಂದಿಗೂ ಆ ಹಾಡು ನುಡಿಸುವವರೆಲ್ಲ ಆ ತಪ್ಪನ್ನೇ ಭಕ್ತಿಯಿಂದ ನುಡಿಸುತ್ತಾರೆ. ರೇಡಿಯೋದಲ್ಲಿ ಹಾಡಿನ ಆ ಜಾಗ ಬಂದಾಗ ಅವನೊಬ್ಬನೇ ಚಮಚದಿಂದ ಕಾಫಿ ಕಪ್ಪಿಗೆ ಒಂದು ಪೆಟ್ಟು ಕೊಟ್ಟು, ಕ್ಷಮೆ ಕೇಳಿದವನಂತೆ ತಲೆ ತಗ್ಗಿಸುತ್ತಾನೆ. ಮುಂದಿನ ಸಲ ಆ ಮೌನ ಬಂದಾಗ ನೀವು ಸುಮ್ಮನೆ ಉಸಿರು ಹಿಡಿದು ಕೂರಬೇಡಿ. ಗಟ್ಟಿಯಾಗಿ ಅವನ ಹೆಸರು ಹೇಳಿ.